ಏರ್‌ಗನ್ನಿಗೆ ದುರ್ಬೀನು ಕೂರಿಸಿದ ಕತೆ

ನನಗೆ ಚಾಳೀಸು ಬಂದಿದೆ ಅಂತ ಗೊತ್ತಾದದ್ದು ಪೇಪರ್ ಓದುವಾಗ ಅಲ್ಲ. ಅಡಿಕೆ ಒಣಹಾಕುವ ಅಂಗಳದಾಚೆ ದರೆಗೆ ಒರಗಿಸಿಟ್ಟ ಗೆರಟೆಗೆ ಗುರಿ ಇಡುವಾಗ. ಏರ್‌ಗನ್ನಿನ ಹಿಂದಿನ ಕಚ್ಚು ಮಸುಕು, ನಳಿಕೆ ತುದಿಯ ಮಣಿ ಅರೆ ಮಸುಕು, ಗೆರಟೆ ಮಾತ್ರ ಸ್ಪಷ್ಟ. ಕನ್ನಡಕ ಹಾಕಿಕೊಂಡೆ. ಕಚ್ಚು ಸ್ಪಷ್ಟವಾಯಿತು, ಗೆರಟೆ ಮಾಯವಾಯಿತು. ಜಗಲಿಯಲ್ಲಿ ಕವಳ ಹಾಕುತ್ತ ಕೂತಿದ್ದ ಅಪ್ಪಯ್ಯ, "ಎರಡು ಅಡಿಕೆ ಬಲಕ್ಕೆ ಹೋಯ್ತು" ಅಂದರು. ನಮ್ಮಲ್ಲಿ ಅವರ ಅಳತೆಯೇ ಹಾಗೆ. ಗೋಡೆಯ ಬಿರುಕಿನಿಂದ ಹಿಡಿದು ಬಂದೂಕಿನ ತಪ್ಪಿನವರೆಗೆ ಎಲ್ಲವೂ ಅಡಿಕೆಯ ಲೆಕ್ಕ.

ಎಳೆಯ ಕಣ್ಣು ಕಚ್ಚಿನಿಂದ ಮಣಿಗೆ, ಮಣಿಯಿಂದ ಗುರಿಗೆ ಅಷ್ಟು ಬೇಗ ಓಡಾಡುತ್ತದೆ, ಮೂರೂ ಒಟ್ಟಿಗೆ ಕಂಡಂತೆ ಅನಿಸುತ್ತದೆ. ಐವತ್ತರ ಹತ್ತಿರದ ಕಣ್ಣಿಗೆ ಆ ಓಟ ಇಲ್ಲ. ಬಂದೂಕಿನ ಮೇಲೆ ಕೂರಿಸುವ ದುರ್ಬೀನು, ಅಂದರೆ ಸ್ಕೋಪ್, ಮಾಡುವ ಉಪಕಾರ ಇಷ್ಟೇ: ಅಡ್ಡಗೆರೆಯನ್ನೂ ಗುರಿಯನ್ನೂ ಒಂದೇ ಚಿತ್ರದಲ್ಲಿ ಕೂರಿಸಿ ಕೊಡುತ್ತದೆ. ದೊಡ್ಡದಾಗಿ ಕಾಣುವುದು ಆಮೇಲಿನ ಮಾತು. ಇದು ನನಗೆ ಅರ್ಥವಾಗುವ ಹೊತ್ತಿಗೆ ಎರಡು ಸ್ಕೋಪು ಹಾಳಾಗಿದ್ದವು.

ಬಂದೂಕಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನದು ನಳಿಕೆಯನ್ನು ಬಗ್ಗಿಸಿ ಸ್ಪ್ರಿಂಗ್ ಬಿಗಿಯುವ ಜಾತಿ, ನಳಿಕೆಯ ತೂತಿನ ಅಗಲ, ಅಂದರೆ ಬೋರು, 4.5 ಮಿ.ಮೀ., ಇಲ್ಲೇ ದೇಶದಲ್ಲಿ ತಯಾರಾದದ್ದು. ಪೆಲೆಟ್ಟು ನಳಿಕೆ ಬಿಡುವಾಗಿನ ಶಕ್ತಿ 20 ಜೂಲ್ ಮೀರದ, ಈ ಬೋರಿನ ಏರ್ ರೈಫಲ್ಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಅಂಗಡಿಯವರು ಆಧಾರ್ ಪ್ರತಿ ಇಸಿದುಕೊಂಡು ಕೊಟ್ಟರು. ಊರಲ್ಲಿ ಕಂಡವರೆಲ್ಲ ಕೇಳುವುದು ಒಂದೇ: "ಮಂಗ ಹೊಡಿಯಕಾ?" ಅಲ್ಲ. ಬಾಳೆಗೊನೆ ತಿಂದು ಹೋಗುವ ಮಂಗನ ಮೇಲೆ ನನಗೂ ಸಿಟ್ಟಿದೆ, ಆದರೆ ಇದರ ಸಣ್ಣ ಸೀಸದ ಗುಂಡು, ಅಂದರೆ ಪೆಲೆಟ್ಟು, ಅದನ್ನು ಕೊಲ್ಲುವುದಿಲ್ಲ, ಹುಣ್ಣು ಮಾಡಿ ನರಳಿಸುತ್ತದೆ. ಕಾಡುಪ್ರಾಣಿ, ಹಕ್ಕಿಗಳಿಗೆ ಗುರಿ ಇಟ್ಟರೆ 1972ರ ವನ್ಯಜೀವಿ ಕಾಯ್ದೆ ಬಾಗಿಲಿಗೆ ಬರುತ್ತದೆ ಅನ್ನುವುದು ಬೇರೆ. ನನ್ನ ಶತ್ರುಗಳು ಗೆರಟೆ, ಸೋಡಾ ಮುಚ್ಚಳ, ಮಗಳ ಹಳೇ ನೋಟುಬುಕ್ಕಿನ ಹಾಳೆ. ಜಗಲಿಯಿಂದ ದರೆಗೆ ಇಪ್ಪತ್ತೈದು ಮೀಟರು, ಟೇಪು ಹಿಡಿದು ಅಳೆದದ್ದು. ಹಿಂದೆ ಎರಡಾಳು ಎತ್ತರದ ಜಂಬಿಟ್ಟಿಗೆ ಮಣ್ಣು, ಅದರ ಮುಂದೆ ಮರಳು ತುಂಬಿದ ಚೀಲ. ಗುರಿ ತಪ್ಪಿದರೂ ಪೆಲೆಟ್ಟು ತೋಟಕ್ಕೆ ಹೋಗಬಾರದು.

ಮೊದಲ ಸ್ಕೋಪು ಬಂದೂಕಿನ ಜೊತೆಗೇ ಹೆಚ್ಚುಕಮ್ಮಿ ಪುಕ್ಕಟೆ ಬಂದ 4x20. ನಾಲ್ಕು ಪಟ್ಟು ದೊಡ್ಡದು ಮಾಡುವ, ಮುಂದಿನ ಗಾಜು ಇಪ್ಪತ್ತು ಮಿಲಿಮೀಟರಿನ ಸಣ್ಣ ಕೊಳವೆ. ಮೂರು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಮಳೆಗಾಲ ಬಂತು. ನಮ್ಮದು ಆಗುಂಬೆ ಕಡೆಯ ಮಳೆ, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಸುವಂಥದ್ದು. ಅಕ್ಟೋಬರಿನಲ್ಲಿ ತೆಗೆದು ನೋಡಿದರೆ ಗಾಜಿನ ಒಳಗಡೆ ಬಿಳಿ ಎಳೆ ಎಳೆಯಾಗಿ ಜೇಡರ ಬಲೆಯಂತೆ ಬೂಷ್ಟು. ಹೊರಗಿನಿಂದ ಒರೆಸಿ ಏನು ಬಂತು? ಒಳಗೆ ನೈಟ್ರೋಜನ್ ತುಂಬಿ ಸೀಲು ಮಾಡಿದ ಸ್ಕೋಪು ಅಂತ ಜಾಹೀರಾತಿನಲ್ಲಿ ಬರೆಯುವುದು ಬರೀ ಡೌಲಲ್ಲ, ಮಲೆನಾಡಿನವರು ಮೊದಲು ಕೇಳಬೇಕಾದ ಪ್ರಶ್ನೆಯೇ ಅದು ಅಂತ ಆಗ ಗೊತ್ತಾಯಿತು.

ಎರಡನೆಯದು ಭಾವ ಕೊಡಿಸಿದ್ದು. ಅವರ ಸ್ನೇಹಿತರೊಬ್ಬರು ವಿದೇಶದಿಂದ ತಂದು ಬಳಸದೆ ಇಟ್ಟಿದ್ದ 3-9x40. ಮೂರರಿಂದ ಒಂಬತ್ತು ಪಟ್ಟಿನವರೆಗೆ ತಿರುಗಿಸಿಕೊಳ್ಳಬಹುದು, ಮುಂದಿನ ಗಾಜು ನಲವತ್ತು ಮಿ.ಮೀ., ಕೊಳವೆ ಒಂದು ಇಂಚು. "ದೊಡ್ಡ ಬಂದೂಕಿಗೆ ಹಾಕುವ ಮಾಲು ಮಾರಾಯ, ನಿನ್ನ ಆಟಿಕೆಗೆ ಏನೂ ಆಗಲ್ಲ" ಅಂದರು. ನಾನೂ ನಂಬಿದೆ. ದೊಡ್ಡ ಬಂದೂಕಿನ ಒದೆ ತಡೆಯುವುದು ಈ ಗಾಳಿ ಬಂದೂಕಿನ ಒದೆ ತಡೆಯದೇ?

ತಡೆಯಲಿಲ್ಲ. ಸುಮಾರು ಮುನ್ನೂರು ಪೆಲೆಟ್ಟು ಹಾರಿಸಿದ ಮೇಲೆ ಒಂದು ಭಾನುವಾರ ಹೊಡೆದದ್ದೆಲ್ಲ ದಿಕ್ಕಾಪಾಲು. ಬಲಕ್ಕೆ ತಿರುಗಿಸಿದರೆ ಎಡಕ್ಕೆ, ಮತ್ತೆ ಹೊಡೆದರೆ ಮೇಲಕ್ಕೆ. ಕಣ್ಣಿಟ್ಟು ನೋಡಿದರೆ ಅಡ್ಡಗೆರೆ ಮದುವೆಮನೆಯ ಬಾಡಿದ ತೋರಣದಂತೆ ಓರೆಯಾಗಿ ನಿಂತಿದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದೆ, ಒಳಗೆ ಏನೋ ಟಿಕ್ ಟಿಕ್ ಅಂತು.

ಕಾರಣ ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಮದ್ದಿನ ಬಂದೂಕು ಒದೆಯುವುದು ಒಂದೇ ದಿಕ್ಕಿಗೆ, ಹಿಂದಕ್ಕೆ. ಅದಕ್ಕೆ ಮಾಡಿದ ಸ್ಕೋಪಿನ ಗಾಜುಗಳಿಗೆ ಆ ದಿಕ್ಕಿನ ಒದೆಯನ್ನು ತಡೆಯುವ ಆಸರೆ ಇರುತ್ತದೆ. ಸ್ಪ್ರಿಂಗಿನ ಏರ್‌ಗನ್ನು ಹಾಗಲ್ಲ. ಕುದುರೆ (ಟ್ರಿಗರ್) ಎಳೆದ ಕೂಡಲೇ ಒಳಗಿನ ಪಿಸ್ಟನ್ನು ಮುಂದಕ್ಕೆ ನುಗ್ಗುತ್ತದೆ, ಬಂದೂಕು ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ನು ಕೊನೆ ಮುಟ್ಟಿ ಗಕ್ಕನೆ ನಿಂತಾಗ ಬಂದೂಕು ಮುಂದಕ್ಕೆ ಜಗ್ಗುತ್ತದೆ. ಒಂದು ಕ್ಷಣದೊಳಗೆ ಎರಡು ಒದೆ, ಎರಡನೆಯದು ಹೆಚ್ಚು ಚುರುಕು, ಅದೂ ತಿರುಗುಮುರುಗು ದಿಕ್ಕಿಗೆ. ಬೆನ್ನಿಗೆ ಗೋಡೆ ಇರುವವನನ್ನು ಹಿಂದಕ್ಕೆ ದಬ್ಬಿದರೆ ನಿಲ್ಲುತ್ತಾನೆ, ಮುಂದಕ್ಕೆ ಎಳೆದರೆ ಮುಗ್ಗರಿಸುತ್ತಾನೆ. ನನ್ನ ಸ್ಕೋಪಿಗೆ ಆದದ್ದು ಅದೇ. ಸಾವಿರಾರು ರೂಪಾಯಿಯ ಗಾಜು, ಮುನ್ನೂರು ಪೆಲೆಟ್ಟಿಗೆ ಅಡ್ಡಡ್ಡ ಮಲಗಿತು. ಭಾವನಿಗೆ ಇವತ್ತಿಗೂ ಪೂರ್ತಿ ಹೇಳಿಲ್ಲ.

ಅದು ಮುರಿಯುವ ಮೊದಲೇ ಅದರಲ್ಲಿ ಇನ್ನೊಂದು ತೊಂದರೆ ಕಂಡಿದ್ದೆ, ಆದರೆ ಅರ್ಥ ಆಗಿರಲಿಲ್ಲ. ಹತ್ತು ಮೀಟರಿನ ಹಾಳೆಗೆ ಗುರಿ ಇಟ್ಟು ಬಂದೂಕನ್ನು ಚೀಲದ ಮೇಲೆ ಅಲುಗಾಡದಂತೆ ಬಿಟ್ಟು, ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿದರೆ ಅಡ್ಡಗೆರೆ ಹಾಳೆಯ ಮೇಲೆ ಒಂದು ಅಡಿಕೆಯಷ್ಟು ತೇಲುತ್ತಿತ್ತು. ಬಂದೂಕು ಅಲುಗಿಲ್ಲ, ಗುರಿ ಅಲುಗಿಲ್ಲ, ಗೆರೆ ಮಾತ್ರ ಓಡಾಡುತ್ತದೆ! ಇದನ್ನು ಪ್ಯಾರಲಾಕ್ಸ್ ಅನ್ನುತ್ತಾರೆ. ದೊಡ್ಡ ರೈಫಲ್ಲಿನ ಸ್ಕೋಪುಗಳನ್ನು ಸಾಮಾನ್ಯವಾಗಿ ನೂರು ಗಜಕ್ಕೆ ಹೊಂದಿಸಿ ಕಾರ್ಖಾನೆಯಲ್ಲೇ ಬಂದ್ ಮಾಡಿರುತ್ತಾರೆ. ಹತ್ತು ಇಪ್ಪತ್ತು ಮೀಟರಿನ ನಮ್ಮ ಆಟಕ್ಕೆ ಗೆರೆಯೂ ಗುರಿಯ ಚಿತ್ರವೂ ಒಂದೇ ತಟ್ಟಿನಲ್ಲಿ ಕೂರುವುದಿಲ್ಲ. ಪ್ರತಿ ಸಲ ಕೆನ್ನೆ ಕೂದಲೆಳೆಯಷ್ಟು ಬೇರೆ ಕಡೆ ಇಟ್ಟರೂ ಪೆಲೆಟ್ಟು ಬೇರೆ ಕಡೆ ಹೋಗುತ್ತದೆ. ಮುಂದಿನ ಗಾಜಿನ ಸುತ್ತ ತಿರುಗುವ ಉಂಗುರ ಇರುವ ಸ್ಕೋಪು ಬೇಕು. ಆ ಉಂಗುರದ ಮೇಲೆ 10, 15, 25, 50 ಅಂತ ಗಜ ಬರೆದಿರುತ್ತದೆ, ದೂರಕ್ಕೆ ತಕ್ಕಂತೆ ತಿರುಗಿಸಿದರೆ ತೇಲಾಟ ನಿಲ್ಲುತ್ತದೆ. ಅಂಗಡಿಯವರು ಅದನ್ನು ಎಓ (ಅಡ್ಜಸ್ಟಬಲ್ ಆಬ್ಜೆಕ್ಟಿವ್) ಅನ್ನುತ್ತಾರೆ.

ಹೀಗೆ ಮೂರನೆಯದನ್ನು ಆರಿಸುವ ಹೊತ್ತಿಗೆ ನನ್ನ ಕೈಯಲ್ಲಿ ಚೀಟಿ ಇತ್ತು. ಎರಡೂ ದಿಕ್ಕಿನ ಒದೆ ತಡೆಯಬೇಕು, ಎಓ ಇರಬೇಕು, ನೈಟ್ರೋಜನ್ ಸೀಲು ಇರಬೇಕು. ಪಟ್ಟು ಎಷ್ಟು ಅನ್ನುವುದನ್ನು ಬೇಕಂತಲೇ ಕೊನೆಗೆ ಬರೆದಿದ್ದೆ. ಫೋನಿನಲ್ಲಿ ಮಾತಾಡಿದ ಅಂಗಡಿ ಹುಡುಗ, "ಸಾರ್, 6-24x50 ಹಾಕ್ಕೊಳಿ, ಸೊಳ್ಳೆ ಕಾಲೂ ಕಾಣತ್ತೆ" ಅಂದ. ಆಸೆ ಆಗಲಿಲ್ಲ ಅಂದರೆ ಸುಳ್ಳು. ಆದರೆ ಇಪ್ಪತ್ತೈದು ಮೀಟರಿಗೆ ಇಪ್ಪತ್ನಾಲ್ಕು ಪಟ್ಟು ಯಾಕೆ? ಪಟ್ಟು ಹೆಚ್ಚಿದಷ್ಟೂ ನಮ್ಮ ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ, ಎದೆಬಡಿತಕ್ಕೆ ಗೆರೆ ಕುಣಿಯುವುದೂ ಕಾಣುತ್ತದೆ. ತೂಕ ಬೇರೆ. ಭಾರದ ಸ್ಕೋಪು ಪ್ರತಿ ಒದೆಗೂ ಅದನ್ನು ಬಂದೂಕಿಗೆ ಹಿಡಿದಿಡುವ ಮೌಂಟನ್ನು ಅಷ್ಟೇ ಜೋರಾಗಿ ಜಗ್ಗುತ್ತದೆ. ನಾನು ಮತ್ತೆ 3-9x40ಕ್ಕೇ ಬಂದೆ, ಈ ಸಲ ಏರ್‌ಗನ್ನಿಗೆಂದೇ ಮಾಡಿದ್ದು. ಅದೂ ಅರ್ಧ ಕಿಲೋ ಹತ್ತಿರ ತೂಗುತ್ತದೆ. ಒಂಬತ್ತರಲ್ಲಿ ಇಟ್ಟರೆ ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆ ನಾಲ್ಕೂವರೆ ಮಿ.ಮೀ. ಅಗಲ, ನಾಲ್ಕರಲ್ಲಿ ಇಟ್ಟರೆ ಹತ್ತು. ಆ ಲೆಕ್ಕ ನಲವತ್ತನ್ನು ಪಟ್ಟಿನಿಂದ ಭಾಗಿಸಿದರೆ ಸಿಗುತ್ತದೆ. ಸಂಜೆ ಅಡಿಕೆ ಮರದ ನೆರಳು ಅಂಗಳ ತುಂಬಿದಾಗ ನಾನು ನಾಲ್ಕು ಐದರಲ್ಲೇ ಹೊಡೆಯುವುದು.

ಒಂದು ತಮಾಷೆ ಹೇಳಬೇಕು. ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ ದುರ್ಬೀನೇ ಇಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು, ಗಗನ್ ನಾರಂಗ್ 2012ರಲ್ಲಿ ಲಂಡನ್ನಿನಲ್ಲಿ ಕಂಚು ಗೆದ್ದದ್ದು ಸಣ್ಣ ತೂತಿನೊಳಗಿಂದ ನೋಡುವ ಗುರಿಸಾಧನದಲ್ಲಿ. ಆ ಹಾಳೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು! ಇದನ್ನು ಅಪ್ಪಯ್ಯನಿಗೆ ಹೇಳಬಾರದಿತ್ತು, ಹೇಳಿಬಿಟ್ಟೆ. ಅಲ್ಲಿಂದ ನಾನು ಸ್ಕೋಪು ಮುಟ್ಟಿದಾಗಲೆಲ್ಲ, "ಆ ಹುಡುಗ ದುರ್ಬೀನು ಇಲ್ದೇ ಹೊಡೆದ ಅಲ್ದನಾ?" ಅನ್ನುವುದು ಅವರಿಗೆ ಕವಳದಷ್ಟೇ ಅಭ್ಯಾಸವಾಯಿತು.

ಸ್ಕೋಪು ಬಂತು. ಕೂರಿಸುವುದು ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ನಾಲ್ಕು ಭಾನುವಾರ ಹಿಡಿಯಿತು.

ಬಂದೂಕಿನ ಬೆನ್ನ ಮೇಲೆ ಉದ್ದಕ್ಕೆ ಎರಡು ಗಾಡಿ, ಅಂದರೆ ಸಣ್ಣ ತೋಡು, ಕೊರೆದಿರುತ್ತಾರೆ, ಮೌಂಟಿನ ಹಲ್ಲು ಅದಕ್ಕೆ ಕಚ್ಚಿಕೊಳ್ಳಬೇಕು. 11 ಮಿ.ಮೀ. ಅನ್ನುವುದು ಅದರ ಮಾಮೂಲು ಹೆಸರು, ಆದರೆ ಹೆಸರಿಗೂ ಅಳತೆಗೂ ಯಾವಾಗಲೂ ತಾಳೆ ಇರುವುದಿಲ್ಲ. ಪೇಟೆಯ ಲೇತ್ ಅಂಗಡಿಯಲ್ಲಿ ವರ್ನಿಯರ್ ಹಾಕಿ ಅಳೆಸಿದೆ. ಹಿಂದೆ ಮುಂದೆ ಕೂದಲಷ್ಟು ವ್ಯತ್ಯಾಸ ಇತ್ತು, ನಡೆಯುತ್ತದೆ ಅಂದರು. ಇನ್ನು ಕೆಲವು ಬಂದೂಕಿಗೆ ಅಡ್ಡಡ್ಡ ಕಚ್ಚು ಹಾಕಿದ ಅಗಲದ ಪಟ್ಟಿ ಇರುತ್ತದೆ, ಅದಕ್ಕೆ ಬೇರೆಯೇ ಮೌಂಟು. ಮೌಂಟು ತರಿಸುವ ಮೊದಲು ಇದನ್ನು ನೋಡಿಕೊಳ್ಳದವರು ಕೊರಿಯರಿಗೆ ಎರಡು ಸಲ ದುಡ್ಡು ಕೊಡುತ್ತಾರೆ. ನಾನು ಕೊಟ್ಟಿದ್ದೇನೆ.

ಮೊದಲು ಹಾಕಿದ್ದು ಸ್ಕೋಪಿನ ಕೊಳವೆಯನ್ನು ತಬ್ಬಿ ಹಿಡಿಯುವ ಬಿಡಿಬಿಡಿ ಎರಡು ರಿಂಗು. ಬಿಗಿಯಾಗಿ ತಿರುಪಿ, ಮಗಳ ಕೆಂಪು ನೇಲ್ ಪಾಲಿಶ್ ಇಸಿದುಕೊಂಡು ರಿಂಗಿನ ಮೇಲೂ ಬಂದೂಕಿನ ಮೇಲೂ ಸೇರುವಂತೆ ಒಂದು ಗೆರೆ ಎಳೆದೆ. ಇದು ಎಲ್ಲೋ ಓದಿದ ಉಪಾಯ. ನಲವತ್ತು ಪೆಲೆಟ್ಟು ಹಾರಿಸಿ ನೋಡುತ್ತೇನೆ, ಗೆರೆ ತುಂಡಾಗಿದೆ. ರಿಂಗಿನ ಮೇಲಿನ ಅರ್ಧ ಎರಡು ಮಿಲಿಮೀಟರು ಹಿಂದಕ್ಕೆ, ನನ್ನ ಕಣ್ಣಿನ ಕಡೆಗೆ ಸರಿದಿದೆ. ಬಂದೂಕು ಹಿಂದಕ್ಕೆ ಒದೆಯುವುದಾದರೆ ಸ್ಕೋಪು ಮುಂದಕ್ಕೆ ಜಾರಬೇಕಲ್ಲ? ಆ ಎರಡನೇ ಒದೆಯ ಕತೆ ಇಲ್ಲೂ ಅದೇ: ಬಂದೂಕು ಗಕ್ಕನೆ ಮುಂದಕ್ಕೆ ಹೋಗುತ್ತದೆ, ಭಾರದ ಸ್ಕೋಪು ಇದ್ದಲ್ಲೇ ಉಳಿಯುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲಿದ ಹಾಗೆ. ಬಿಗಿ ಸಾಲದು ಅಂತ ಇನ್ನಷ್ಟು ತಿರುಪಿದೆ. ಅಲೆನ್ ಕೀಗೆ ಸೈಕಲ್ ಪಂಪಿನ ಕೊಳವೆ ಸಿಕ್ಕಿಸಿ ತಿರುಪಿದೆ ಅನ್ನುವುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಟಕ್ ಅಂತ ಸ್ಕ್ರೂವಿನ ತಲೆ ಕಿತ್ತು ಕೈಗೆ ಬಂತು.

ಸ್ಕ್ರೂ ತುಂಡು ತೆಗೆಸಲು ಮತ್ತೆ ಲೇತ್ ಅಂಗಡಿ. ಅಲ್ಲಿಯವರು ಬಂದೂಕಿನ ಬೆನ್ನು ತಿರುಗಿಸಿ ನೋಡಿ, "ಇಲ್ಲಿ ಮೂರು ತೂತು ಇದೆಯಲ್ಲ, ಸುಮ್ಮನೆ ಕೊರೆದಿದ್ದಾರಾ?" ಅಂದರು. ಅಷ್ಟು ದಿನ ನಾನು ಅದನ್ನು ಎಣ್ಣೆ ಬಿಡುವ ತೂತು ಅಂದುಕೊಂಡಿದ್ದೆ! ಅದು ಮೌಂಟಿನ ಕೆಳಗಿರುವ ತಡೆಮೊಳೆ ಇಳಿಯಲು ಬಿಟ್ಟ ಜಾಗ. ಸ್ಪ್ರಿಂಗ್ ಬಂದೂಕಿಗೆ ಬರೀ ಹಲ್ಲಿನ ಬಿಗಿ ಸಾಲದು, ಮೊಳೆ ಇಲ್ಲದೆ ನಿಲ್ಲುವುದಿಲ್ಲ. ಹಾಗಾಗಿ ಎರಡೂ ರಿಂಗು ಒಂದೇ ಪೀಠದ ಮೇಲಿರುವ, ಅಡಿಯಲ್ಲಿ ಮೊಳೆ ಇರುವ ಮೌಂಟು ತರಿಸಿದೆ. ಎರಡನೇ ಕೊರಿಯರು ಇದೇ.

ಮೊಳೆಗೂ ಒಂದು ಹದ ಇದೆ. ಪೂರ್ತಿ ಕೆಳಕ್ಕೆ ಇಳಿಸಿದರೆ ಅದು ತೂತಿನ ತಳಕ್ಕೆ ತಾಗಿ ಇಡೀ ಮೌಂಟನ್ನೇ ಎತ್ತಿಬಿಡುತ್ತದೆ, ಹಲ್ಲು ಗಾಡಿಗೆ ಕೂರುವುದಿಲ್ಲ. ತಳ ಮುಟ್ಟಿಸಿ ಅರ್ಧ ಸುತ್ತು ಮೇಲೆ ತೆಗೆದೆ. ಆಮೇಲೆ ಸ್ಕ್ರೂ ಬಿಗಿಯುವ ಮೊದಲು ಮೌಂಟನ್ನು ಹಿಂದಕ್ಕೆ ಒತ್ತಿ, ಮೊಳೆ ತೂತಿನ ಹಿಂದಿನ ಗೋಡೆಗೆ ತಾಗಿದ್ದು ಕೈಗೆ ಗೊತ್ತಾದ ಮೇಲೆ ಬಿಗಿದೆ. ಸ್ವಲ್ಪ ಎಡೆ ಬಿಟ್ಟರೆ ಅಷ್ಟು ದೂರ ಜಾರಿ ಆಮೇಲೆ ನಿಲ್ಲುತ್ತದೆ, ಅಷ್ಟೇ ಸಾಕು ಗುರಿ ಕೆಡಲು. ಅದಕ್ಕೂ ಮುಂಚೆ ಗಾಡಿಯಲ್ಲಿದ್ದ ಎಣ್ಣೆ ಜಿಡ್ಡನ್ನು ಪೆಟ್ರೋಲು ಅದ್ದಿದ ಬಟ್ಟೆಯಲ್ಲಿ ಒರೆಸಿ ಒಣಗಿಸಿದೆ. ಬಟ್ಟೆ ಕಪ್ಪಾಗಿ ಬಂತು.

ಸ್ಕೋಪನ್ನು ರಿಂಗಿನೊಳಗೆ ಇಡುವ ಮೊದಲು ಅದರ ಅಡ್ಡಗೆರೆಯನ್ನು ನಡುವಿಗೆ ತಂದುಕೊಳ್ಳಬೇಕು. ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಯ ಎರಡೂ ಬದಿಗೆ ವಿ ಆಕಾರದಲ್ಲಿ ಕತ್ತರಿಸಿ, ಅದರ ಮೇಲೆ ಸ್ಕೋಪನ್ನು ಮಲಗಿಸಿ, ದೂರದ ದರೆಯ ಒಂದು ಕಲ್ಲನ್ನು ನೋಡುತ್ತ ಸ್ಕೋಪನ್ನೇ ಉರುಳಿಸಿದೆ. ಗೆರೆ ನಡುವಿನಲ್ಲಿ ಇಲ್ಲದಿದ್ದರೆ ಕಲ್ಲಿನ ಸುತ್ತ ಅದು ವೃತ್ತ ಹಾಕುತ್ತದೆ. ಗೆರೆಯನ್ನು ಸರಿಸುವ ಮೇಲಿನ, ಪಕ್ಕದ ಎರಡು ಗುಬುಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ವೃತ್ತ ಸಣ್ಣದಾಗುತ್ತ ಬಂದು ಕೊನೆಗೆ ನಿಂತಲ್ಲೇ ತಿರುಗುವ ಬುಗುರಿಯಂತೆ ಆಗುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಇದೇ. ಮಗಳು ಬಂದು ತಾನೂ ಉರುಳಿಸಿ ನೋಡಿ ಹೋದಳು. ಗುಬುಟು ತಿರುಗಿಸುವಾಗ ಒಂದೊಂದು ಹೆಜ್ಜೆಗೂ ಕ್ಲಿಕ್ ಅನ್ನುತ್ತದೆ. ಅಲ್ಲಿಂದ ಮೇಲಕ್ಕೆ ಕೊನೆಯವರೆಗೆ ಎಣಿಸಿದೆ: 120 ಕ್ಲಿಕ್ಕು. ಈ ಸಂಖ್ಯೆ ಆಮೇಲೆ ಕೆಲಸಕ್ಕೆ ಬಂತು.

ಕಣ್ಣಿನ ದೂರ ಹೊಂದಿಸುವಾಗ ಪಟ್ಟನ್ನು ಒಂಬತ್ತಕ್ಕೆ ಇಟ್ಟು, ಕಣ್ಣು ಮುಚ್ಚಿ, ಬಂದೂಕನ್ನು ಹೆಗಲಿಗೆ ಏರಿಸಿ, ಕೆನ್ನೆಯನ್ನು ಮರಕ್ಕೆ ತನ್ನಷ್ಟಕ್ಕೆ ಕೂರುವಲ್ಲಿ ಕೂರಿಸಿ, ಆಮೇಲೆ ಕಣ್ಣು ತೆರೆಯಬೇಕು. ಕಣ್ಣು ತೆರೆದೇ ಏರಿಸಿದರೆ ಕತ್ತು ತಾನೇ ಹೋಗಿ ಸ್ಕೋಪಿಗೆ ಹೊಂದಿಕೊಳ್ಳುತ್ತದೆ, ಅದು ಸುಳ್ಳು. ಸುತ್ತ ಕಪ್ಪು ಅಂಚು ಕಂಡರೆ ಸ್ಕೋಪು ಮುಂದೋ ಹಿಂದೋ ಹೋಗಬೇಕು. ನನಗೆ ಮೂರೂಕಾಲು ಇಂಚಿನ ಸುಮಾರಿಗೆ ಪೂರ್ತಿ ಬಿಲ್ಲೆ ಕಂಡಿತು. ಕಣ್ಣಿನ ಬದಿಯ ಉಂಗುರವನ್ನು ಬಿಳೀ ಗೋಡೆಗೆ ಹಿಡಿದು ಅಡ್ಡಗೆರೆ ಕಪ್ಪಗೆ ಕಾಣುವವರೆಗೆ ತಿರುಗಿಸಿದೆ. ಚಾಳೀಸಿನ ಕನ್ನಡಕ ತೆಗೆದಿಟ್ಟು ಮಾಡಬೇಕು ಇದನ್ನು, ಮತ್ತು ಒಂದೇ ಸಮನೆ ನೋಡುತ್ತ ಕೂರಬಾರದು. ಕಣ್ಣು ಸೋತು ರಾಜಿ ಮಾಡಿಕೊಂಡು ಮಸುಕನ್ನೇ ಸ್ಪಷ್ಟ ಅನ್ನುತ್ತದೆ. ಒಮ್ಮೆ ಇಣುಕು, ಆಕಾಶ ನೋಡು, ಮತ್ತೆ ಇಣುಕು.

ಗೆರೆ ನೆಟ್ಟಗೆ ನಿಲ್ಲಿಸಲು ಗಾರೆ ಕೆಲಸದವರ ತೂಗುಗುಂಡು. ಹಿತ್ತಿಲಿನ ಬಚ್ಚಲುಮನೆ ರಿಪೇರಿಗೆ ಬಂದಿದ್ದ ಮೇಸ್ತ್ರಿಯಿಂದ ಅರ್ಧ ಗಂಟೆಗೆ ಇಸಿದುಕೊಂಡೆ. ದರೆಯ ಮುಂದೆ ಅದನ್ನು ಇಳಿಬಿಟ್ಟು, ಬಂದೂಕನ್ನು ಮಟ್ಟಗೋಲಿನಿಂದ ಸಮ ಮಾಡಿ, ಸ್ಕೋಪಿನ ನಿಂತ ಗೆರೆಯನ್ನು ಆ ದಾರಕ್ಕೆ ಹೊಂದಿಸಿದೆ. ಅಂದಾಜಿನಲ್ಲಿ ನೆಟ್ಟಗಿದೆ ಅಂದುಕೊಂಡದ್ದು ದಾರದ ಪಕ್ಕ ಇಟ್ಟಾಗ ಎಷ್ಟು ವಾಲಿತ್ತು ಅಂದರೆ ಮೇಸ್ತ್ರಿಯೇ ನಕ್ಕರು. ಗೆರೆ ವಾಲಿದ್ದರೆ ಒಂದು ದೂರದಲ್ಲಿ ಸರಿ ಹೊಡೆಯುತ್ತದೆ, ಇನ್ನೊಂದು ದೂರಕ್ಕೆ ಹೋದಾಗ ಪಕ್ಕಕ್ಕೆ ಸರಿಯುತ್ತದೆ. ಮೇಲಿನ ರಿಂಗಿನ ಸ್ಕ್ರೂಗಳನ್ನು ಚಕ್ರದ ನಟ್ಟು ಬಿಗಿಯುವಂತೆ ಎದುರುಬದುರಾಗಿ, ಎರಡೂ ಬದಿಯ ಸೀಳು ಒಂದೇ ಅಗಲ ಉಳಿಯುವಂತೆ ಬಿಗಿದೆ. ಈ ಸಲ ಅಲೆನ್ ಕೀಯ ಗಿಡ್ಡ ಕೈ ಹಿಡಿದು, ಎರಡೇ ಬೆರಳಲ್ಲಿ. ತಲೆ ಕಿತ್ತ ಸ್ಕ್ರೂ ಇನ್ನೂ ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇತ್ತು.

ಮೂರನೇ ಭಾನುವಾರ ಹೊಡೆಯಲು ಕೂತೆ. ಹತ್ತು ಮೀಟರಿನಲ್ಲಿ ಹಾಳೆ. ಪೆಲೆಟ್ಟು ಹಾಳೆಗೇ ಬೀಳಲಿಲ್ಲ. ಕೆಳಗೆ ಇನ್ನೊಂದು ಹಾಳೆ ಅಂಟಿಸಿದ ಮೇಲೆ ಗೊತ್ತಾಯಿತು, ಗುರಿಗಿಂತ 11 ಸೆಂ.ಮೀ. ಕೆಳಗೆ. ಸ್ಕೋಪು ನಳಿಕೆಗಿಂತ ನಾಲ್ಕೂವರೆ ಸೆಂ.ಮೀ. ಮೇಲಿದೆ, ಪೆಲೆಟ್ಟು ಹಾರುತ್ತ ಸ್ವಲ್ಪ ಇಳಿಯುತ್ತದೆ, ಹಾಗಾಗಿ ಐದೂವರೆ ಕೆಳಗೆ ಬಿದ್ದಿದ್ದರೆ ನ್ಯಾಯ. ಉಳಿದ ಐದೂವರೆ? ನಳಿಕೆ ಬಗ್ಗುವ ಬಂದೂಕಿನಲ್ಲಿ ಅದು ಮತ್ತೆ ಬಂದು ಕೂತಾಗ ತುದಿ ಸ್ವಲ್ಪ ತಲೆ ತಗ್ಗಿಸಿರುವುದು ಸಾಮಾನ್ಯವಂತೆ. ಬಂದೂಕಿನ ಸ್ವಂತ ಕಚ್ಚು-ಮಣಿಯಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಅವು ಎರಡೂ ನಳಿಕೆಯ ಮೇಲೇ ಕೂತಿವೆ, ಜೊತೆಗೇ ತಗ್ಗುತ್ತವೆ. ಸ್ಕೋಪು ಕೂತಿರುವುದು ಬೆನ್ನಿನ ಮೇಲೆ, ಅದಕ್ಕೆ ನಳಿಕೆಯ ನಾಚಿಕೆ ಗೊತ್ತಿಲ್ಲ.

ನನ್ನ ಗುಬುಟು ಒಂದು ಕ್ಲಿಕ್ಕಿಗೆ ಕಾಲು ಮಿನಿಟ್ ಕೋನ ಸರಿಯುತ್ತದೆ (ಒಂದು ಡಿಗ್ರಿಗೆ ಅರವತ್ತು ಮಿನಿಟ್). ನೂರು ಗಜದಲ್ಲಿ ಅದು ಕಾಲು ಇಂಚು ಅಂತ ಪುಸ್ತಿಕೆಯಲ್ಲಿದೆ. ಹತ್ತು ಮೀಟರಿನಲ್ಲಿ ಲೆಕ್ಕ ಹಾಕಿದರೆ ಮುಕ್ಕಾಲು ಮಿಲಿಮೀಟರಿಗಿಂತಲೂ ಕಮ್ಮಿ. 11 ಸೆಂ.ಮೀ. ಏರಿಸಲು ನೂರೈವತ್ತು ಕ್ಲಿಕ್ಕು ಬೇಕು, ಇರುವುದು ನೂರಿಪ್ಪತ್ತು. ಆದರೂ ಹಟ ಹಿಡಿದು ಕೊನೆಯವರೆಗೆ ತಿರುಗಿಸಿ ಗುರಿಯನ್ನು ಸ್ವಲ್ಪ ಮೇಲಕ್ಕೆ ಹಿಡಿದು ಹೊಡೆದೆ. ಐದು ಪೆಲೆಟ್ಟು ಐದು ಊರಿಗೆ ಹೋದವು. ಗುಬುಟನ್ನು ಕೊನೆ ಮುಟ್ಟಿಸಿದರೆ ಒಳಗಿನ ಸಣ್ಣ ಸ್ಪ್ರಿಂಗು ಸಡಿಲಾಗಿ ಗೆರೆ ಪ್ರತಿ ಒದೆಗೂ ಜೋತಾಡುತ್ತದೆ. ಒಳ್ಳೆಯ ಸ್ಕೋಪು ಕೆಟ್ಟದು ಅನ್ನಿಸಿಕೊಳ್ಳುವುದು ಬಹಳ ಸಲ ಹೀಗೆ.

ಪರಿಹಾರ ಸಿಕ್ಕಿದ್ದು ಕಬ್ಬಿಣದ ಕಪಾಟಿನಲ್ಲಿ, ನಮ್ಮ ಮದುವೆಯ ಫೋಟೋದ ನೆಗೆಟಿವುಗಳ ಕಟ್ಟಿನಲ್ಲಿ. ಹಿಂದಿನ ರಿಂಗಿನ ತಳದಲ್ಲಿ, ಸ್ಕೋಪಿನ ಹೊಟ್ಟೆಯಡಿ, ನೆಗೆಟಿವಿನ ತುಂಡು ಇಟ್ಟರೆ ಸ್ಕೋಪಿನ ಹಿಂಬದಿ ಎದ್ದು ಮೂಗು ತಗ್ಗುತ್ತದೆ, ಪೆಲೆಟ್ಟು ಮೇಲೆ ಬೀಳುತ್ತದೆ. ಒಂದು ಪದರಕ್ಕೆ ಹತ್ತು ಮೀಟರಿನಲ್ಲಿ ಎರಡು ಸೆಂ.ಮೀ. ಹತ್ತಿರ. ಎರಡು ಪದರ ಹಾಕಿದೆ. ಮೂರನೆಯದು ಬೇಡ ಅನ್ನಿಸಿತು. ಹೆಚ್ಚು ಎತ್ತಿದರೆ ರಿಂಗು ಸ್ಕೋಪಿನ ಕೊಳವೆಯನ್ನೇ ಹಿಸುಕುತ್ತದೆ. ಇನ್ನೂ ತಗ್ಗಿದ ನಳಿಕೆಯವರು ಹಿಂಬದಿ ಎತ್ತರವಾಗಿ ಮಾಡಿದ ಮೌಂಟನ್ನೇ ಕೊಳ್ಳುವುದು ವಾಸಿ. ಯಾವ ನೆಗೆಟಿವು ಅಂತ ನನ್ನವಳು ಕೇಳಿದಳು. ಬೆಳಕಿಗೆ ಹಿಡಿದು ನೋಡಿಯೇ ಆರಿಸಿದ್ದೆ, ಬರೀ ಊಟದ ಪಂಕ್ತಿ. "ಅದರಲ್ಲಿ ನಮ್ಮ ಚಿಕ್ಕಮ್ಮ ಇದ್ರು" ಅಂದಳು. ಈಗ ಅವರು ಸ್ಕೋಪಿನಡಿ ಇದ್ದಾರೆ.

ಮತ್ತೆ ಹತ್ತು ಮೀಟರು, ಆಮೇಲೆ ಇಪ್ಪತ್ತೈದು. ಗುಬುಟಿನ ಮೇಲೆ 'ಅಪ್' ಅಂತ ಬಾಣ ಇದೆ, ಅದು ಪೆಲೆಟ್ಟು ಹೋಗಬೇಕಾದ ದಿಕ್ಕು, ಗೆರೆ ಹೋಗುವ ದಿಕ್ಕಲ್ಲ. ಒಂದು ಡಜನ್ ಪೆಲೆಟ್ಟು ಇದನ್ನು ಕಲಿಯಲು ಹೋಯಿತು. ನಡುವಿನಿಂದ 81 ಕ್ಲಿಕ್ಕಿಗೆ ಇಪ್ಪತ್ತೈದು ಮೀಟರಿನ ಗುರಿ ಕೂತಿತು. ಕೂತಿತು ಅನ್ನುವಾಗ ಐದೈದು ಪೆಲೆಟ್ಟಿನ ಗುಂಪಿನ ನಡುವನ್ನು ನೋಡಿ ಹೇಳುತ್ತಿದ್ದೇನೆ. ಒಂದೊಂದು ಪೆಲೆಟ್ಟಿಗೂ ಗುಬುಟು ತಿರುಗಿಸುವವರು ತಮ್ಮ ಬಾಲವನ್ನೇ ಅಟ್ಟಿಸುವ ನಾಯಿಯ ಹಾಗೆ ಸುತ್ತುತ್ತಿರುತ್ತಾರೆ.

ಗುಂಪು ಮಾತ್ರ ದೊಡ್ಡದಿತ್ತು, ಐದು ಸೆಂ.ಮೀ. ಸ್ಕೋಪಿನ ಮೇಲೆ ಮತ್ತೆ ಸಂಶಯ ಬಂತು. ಬಂದೂಕನ್ನು ಅಕ್ಕಿ ಚೀಲದ ಮೇಲೆ ಒತ್ತಿ, ಬಿಗಿಯಾಗಿ ತಬ್ಬಿ ಹೊಡೆಯುತ್ತಿದ್ದೆ. ಸ್ಪ್ರಿಂಗ್ ಬಂದೂಕಿಗೆ ಅದು ಆಗದು. ಪೆಲೆಟ್ಟು ನಳಿಕೆ ಬಿಡುವ ಮೊದಲೇ ಬಂದೂಕು ಅಲುಗಲು ಶುರುವಾಗಿರುತ್ತದೆ, ಆ ಅಲುಗಾಟ ಪ್ರತಿ ಸಲ ಒಂದೇ ರೀತಿ ಇರಬೇಕು ಅಷ್ಟೇ. ಎಡಗೈಯನ್ನು ಚೀಲದ ಮೇಲಿಟ್ಟು, ಅಂಗೈ ತೆರೆದು, ಬಂದೂಕನ್ನು ಅದರ ಮೇಲೆ ಸುಮ್ಮನೆ ಮಲಗಿಸಬೇಕು. ಬೆರಳು ಮುಚ್ಚಬಾರದು. ಮಲಗಿದ ಕೂಸನ್ನು ಎತ್ತಿಕೊಂಡ ಹಾಗೆ. ಜೊತೆಗೆ ಮರಕ್ಕೂ ಲೋಹಕ್ಕೂ ನಡುವಿನ ಸ್ಕ್ರೂ ಎರಡು ಸಡಿಲಾಗಿದ್ದವು, ಬಿಗಿದೆ. ಪೆಲೆಟ್ಟನ್ನು ಜೆಎಸ್‌ಬಿ ಕಂಪನಿಯ 8.44 ಗ್ರೇನ್ ತೂಕದ್ದಕ್ಕೆ ಬದಲಿಸಿದೆ. ಗುಂಪು ಎರಡೂವರೆ ಸೆಂ.ಮೀ.ಗೆ ಬಂತು. ಒಂದು ಅಡಿಕೆ! ಈ ಮೂರರಲ್ಲಿ ಯಾವುದು ಎಷ್ಟು ಕೆಲಸ ಮಾಡಿತೋ, ಅಂಗೈಗೇ ನನ್ನ ಓಟು.

ನಾಲ್ಕನೇ ಭಾನುವಾರ ಬೇರೆ ಬೇರೆ ದೂರ ಹೊಡೆದು ಒಂದು ಚೀಟಿ ಬರೆದು ಬಂದೂಕಿನ ಮರಕ್ಕೆ ಅಂಟಿಸಿದೆ. ಹತ್ತು ಮೀಟರಿನಲ್ಲಿ ಒಂದೂವರೆ ಸೆಂ.ಮೀ. ಕೆಳಗೆ, ಇಪ್ಪತ್ತರಿಂದ ಇಪ್ಪತ್ತೈದರವರೆಗೆ ನೇರ, ತೋಟದ ಬೇಲಿ ಹತ್ತಿರದ ಮೂವತ್ತರಲ್ಲಿ ಒಂದು ಸೆಂ.ಮೀ.ಗೆ ಕಮ್ಮಿ ಕೆಳಗೆ. ಹತ್ತಿರದಲ್ಲೂ ಕೆಳಗೆ, ದೂರದಲ್ಲೂ ಕೆಳಗೆ ಅನ್ನುವುದನ್ನು ಮಗಳಿಗೆ ನಂಬಿಸಲು ಪೆಲೆಟ್ಟಿನ ದಾರಿ ಮತ್ತು ಸ್ಕೋಪಿನ ದಾರಿ ಎರಡನ್ನೂ ಅಂಗಳದ ಮಣ್ಣಲ್ಲಿ ಗೀರಿ ತೋರಿಸಬೇಕಾಯಿತು. ಹೊಸ ನೇಲ್ ಪಾಲಿಶ್ ಗೆರೆ ಇನ್ನೂರು ಪೆಲೆಟ್ಟಾದರೂ ತುಂಡಾಗಿರಲಿಲ್ಲ.

ಅವತ್ತು ಸಂಜೆ ಅಪ್ಪಯ್ಯ ಎದ್ದು ಬಂದರು. ಎಪ್ಪತ್ತೆಂಟು ವರ್ಷ, ಹೋದ ವರ್ಷ ಕಣ್ಣಿನ ಪೊರೆ ತೆಗೆಸಿದ್ದಾರೆ. "ಕೊಡು ಇಲ್ಲಿ, ನಿನ್ನ ದುರ್ಬೀನು ನೋಡುವ." ಬಂದೂಕು ಬಿಗಿದು ಕೊಟ್ಟೆ. ಕೂತರು, ಅಂಗೈ ತೆರೆಯಿರಿ ಅಂದೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ಹೊಡೆದರು. ಮೂರೂ ಒತ್ತೊತ್ತಾಗಿ, ಸೋಡಾ ಮುಚ್ಚಳದ ಎಡಕ್ಕೆ.

"ಅರ್ಧ ಅಡಿಕೆ ಎಡಕ್ಕೆ ಹೋಗ್ತದೆ" ಅಂದರು.

ಅವರ ಹಿಡಿತ ಬೇರೆ, ಕೆನ್ನೆ ಕೂರುವ ಜಾಗ ಬೇರೆ. ಅರ್ಧ ಅಡಿಕೆ ಅಂದರೆ ಇಪ್ಪತ್ತೈದು ಮೀಟರಿನಲ್ಲಿ ಏಳು ಕ್ಲಿಕ್ಕು ಅಂತ ಲೆಕ್ಕ ಹಾಕುತ್ತ ಪಕ್ಕದ ಗುಬುಟಿನ ಮುಚ್ಚಳ ತೆಗೆಯಲು ಕೈ ಚಾಚಿದೆ.

"ಮುಟ್ಟಬೇಡ ಅದನ್ನ" ಅಂದರು ಅಪ್ಪಯ್ಯ. "ನಾನೇ ಅರ್ಧ ಅಡಿಕೆ ಬಲಕ್ಕೆ ಹಿಡಿತೇನೆ."

ಸೋಡಾ ಮುಚ್ಚಳ ಹಾರಿ ದರೆಯ ಮೇಲಿನ ಲಂಟಾನದ ಮಟ್ಟಿಯೊಳಗೆ ಹೋಯಿತು. ಮರುದಿನ ಬೆಳಿಗ್ಗೆ ಹುಡುಕಿದರೂ ಸಿಗಲಿಲ್ಲ.